ಅಜ್ಜನ ಜಗಲಿ: ಬೊಂಬಾಯಿಯ ಆಫೀಸು

ಮಕ್ಕಳೇ, ಈ ಸಲ ಬೇಸಿಗೆ ರಜೆಯಲ್ಲಿ ಪುಳ್ಳಿಯನ್ನು ಕರೆದುಕೊಂಡು ಮುಂಬಯಿಗೆ ಹೋಗಿ ಬಂದೆ. ಮಹಾರಾಷ್ಟ್ರದ ರಾಜಧಾನಿಯಾದ ಆ ಊರು ನಮ್ಮ ಉಡುಪಿ, ಕಾಪು, ಕಾರ್ಕಳದ ಹಿರಿಯರಿಗೆ ಇವತ್ತಿಗೂ ಬೊಂಬಾಯಿಯೇ. ಅಲ್ಲಿ ಒಬ್ಬರಾದರೂ ನೆಂಟರಿಲ್ಲದ ಮನೆ ನಮ್ಮ ಕಡೆ ಸಿಗುವುದು ಕಷ್ಟ.

ಇಂದ್ರಾಳಿಯಲ್ಲಿ ಮತ್ಸ್ಯಗಂಧ ರೈಲು ಹತ್ತಿದೆವು. ಬೆಳಿಗ್ಗೆ ಕುರ್ಲಾ!

"ನೀವು ಮೊದಲ ಸಲ ಹೋದದ್ದೂ ಇದರಲ್ಲೇ ಅಲ್ವಾ ಅಜ್ಜ?"

"ಇಲ್ಲ ಮಗಾ. ನಾನು ಹೋದದ್ದು 1971ರಲ್ಲಿ, ಹದಿಮೂರನೇ ವರ್ಷಕ್ಕೆ. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ನಮಗೆ ಬಸ್ಸೇ ಗತಿ."

ಅವಳ ಕೈಯಲ್ಲೊಂದು ನೋಟ್‌ಬುಕ್ ಇತ್ತು. ಯಾವ ಕಟ್ಟಡವನ್ನು ಯಾರು ಕಟ್ಟಿದರೆಂದು ಬರೆಯುವುದು ಶಾಲೆಯವರು ಕೊಟ್ಟ ರಜೆಯ ಕೆಲಸ. ಮೊದಲು ಹಳೆಯ ವಿಕ್ಟೋರಿಯಾ ಟರ್ಮಿನಸ್, ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಸ್ಟೀವನ್ಸ್ ಎಂಬವರು ವಿನ್ಯಾಸ ಮಾಡಿದ ಆ ನಿಲ್ದಾಣ ಮುಗಿದದ್ದು 1888ರಲ್ಲಿ. ಬಾಗಿಲ ಕಂಬದ ಮೇಲೆ ಬ್ರಿಟನ್ನಿಗೊಂದು ಸಿಂಹ, ಭಾರತಕ್ಕೊಂದು ಹುಲಿ ಕೂತಿವೆ. ಪುಳ್ಳಿಗೆ ಹುಲಿಯೇ ಇಷ್ಟವಾಯಿತು.

ಆಮೇಲೆ ಗೇಟ್‌ವೇ ಆಫ್ ಇಂಡಿಯಾ. 1911ರಲ್ಲಿ ಐದನೇ ಜಾರ್ಜ್ ದೊರೆ ಬಂದಿಳಿದ ನೆನಪಿಗೆಂದು ಕಟ್ಟಿದ ಕಮಾನು. ವಿಟೆಟ್ ಎಂಬವರ ವಿನ್ಯಾಸ. ಮುಗಿದದ್ದು 1924ರಲ್ಲಿ. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಅದೇ ಕಮಾನಿನಡಿ ಹಾದು ಹಡಗು ಹತ್ತಿತು. ಬಂದದ್ದರ ನೆನಪಿಗೆ ಕಟ್ಟಿದ ಬಾಗಿಲು, ಹೋಗುವುದಕ್ಕೂ ಆಯಿತು!

"ಮೊದಲು ಈ ಊರು ಯಾರದ್ದು?" ಎಂದಳು.

"ಕೋಳಿ ಜನರದ್ದು. ನಮ್ಮ ಮೊಗವೀರರ ಹಾಗೆ ಮೀನು ಹಿಡಿಯುವವರು. ಪೋರ್ಚುಗೀಸರು ಬಂದರು. 1661ರಲ್ಲಿ ತಮ್ಮ ರಾಜಕುಮಾರಿಯ ಮದುವೆಗೆ ಇಂಗ್ಲೆಂಡಿನ ದೊರೆಗೆ ಇದನ್ನು ಬಳುವಳಿ ಕೊಟ್ಟರು."

"ಊರನ್ನೇ ಕೊಡುವುದಾ? ಊರಿನವರನ್ನು ಕೇಳಿದರಾ?"

ನಾನೇನು ಹೇಳಲಿ!

ಕಾಳಾ ಘೋಡಾದಲ್ಲಿ ಯಹೂದಿಗಳ ನೀಲಿ ಪ್ರಾರ್ಥನಾ ಮಂದಿರ ನೋಡಿದೆವು. ಇರಾನಿ ಹೋಟೆಲಿನಲ್ಲಿ ಬನ್ ಮಸ್ಕಾ ತಿಂದೆವು. ಪಾರ್ಸಿ, ಗುಜರಾತಿ, ಬೋಹ್ರಾ, ಮರಾಠಿ, ತುಳು, ಎಲ್ಲವೂ ಒಂದೇ ಬೀದಿಯಲ್ಲಿ ಕಿವಿಗೆ ಬಿತ್ತು.

ಫೋರ್ಟಿಗೆ ಬಂದಾಗ ಅವಳು ಕೇಳಿದಳು, "ನಿಮ್ಮ ಆಫೀಸು ಎಲ್ಲಿ ಅಜ್ಜ?"

ಮನೆಯಲ್ಲಿ ನಾನು ಯಾವಾಗಲೂ ಹೇಳುತ್ತಿದ್ದುದು ಹಾಗೆಯೇ: ಬೊಂಬಾಯಿಯಲ್ಲಿ ಆಫೀಸಿನಲ್ಲಿದ್ದೆ. ಎದುರಿನ ಕಲ್ಲಿನ ಕಟ್ಟಡದ ಯಾವುದಾದರೂ ಕಿಟಕಿ ತೋರಿಸಿದ್ದರೆ ಮುಗಿಯುತ್ತಿತ್ತು. ಯಾಕೋ ಮನಸ್ಸು ಬರಲಿಲ್ಲ. ಹಿಂದಿನ ಓಣಿಗೆ ಕರೆದುಕೊಂಡು ಹೋದೆ.

"ಇಲ್ಲಿ ಆಫೀಸಿನ ಕ್ಯಾಂಟೀನಿತ್ತು ಮಗಾ. ಮೊದಲು ಲೋಟ ತೊಳೆದೆ. ಆಮೇಲೆ ಟೇಬಲ್ ಒರೆಸಿದೆ. ಮತ್ತೆ ಸಪ್ಲೈ. ಸಂಜೆ ಕನ್ನಡ ರಾತ್ರಿಶಾಲೆ. ಬಂದು ಬೆಂಚು ಜೋಡಿಸಿ ಮಲಗುವುದು. ಮೆಟ್ರಿಕ್ ಮುಗಿಸಿದ್ದು ಹಾಗೆ."

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ.

"ಮತ್ತೆ ಆಫೀಸು ಎಂದು ಯಾಕೆ ಹೇಳಿದ್ದು?"

"ಅಮ್ಮನಿಗೆ ಬರೆದ ಮೊದಲ ಕಾಗದದಲ್ಲಿ ಹಾಗೆ ಬರೆದೆ. ಅವಳು ಅಳಬಾರದಲ್ಲ. ಆಮೇಲೆ ತಿದ್ದಲು ಬಾಯಿ ಬರಲಿಲ್ಲ."

ಮಧ್ಯಾಹ್ನ ಮಾಟುಂಗಾಕ್ಕೆ ಹೋದೆವು. ನಮ್ಮ ಕರಾವಳಿಯ ಎ. ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅಲ್ಲಿದೆ. ಬಾಳೆಲೆ, ಅನ್ನ, ಸಾರು. ಬಡಿಸುವವರು ಬಂದಾಗ ಪುಳ್ಳಿ ಮುಖ ಎತ್ತಿ, "ನಿಮ್ಮದು ಊಟ ಆಯ್ತಾ?" ಎಂದು ಹಿಂದಿಯಲ್ಲಿ ಕೇಳಿದಳು. ಅವರು ನಕ್ಕು ಇನ್ನೊಂದು ಹಪ್ಪಳ ಹಾಕಿದರು.

ರಾತ್ರಿ ನೋಟ್‌ಬುಕ್ ನೋಡಿದೆ. ನಿಲ್ದಾಣ: ಸ್ಟೀವನ್ಸ್. ಗೇಟ್‌ವೇ: ವಿಟೆಟ್. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ, ಲೋಟ ತೊಳೆದವರು: ನನ್ನ ಅಜ್ಜ, 1971.

ಐವತ್ತು ವರ್ಷ ಮುಚ್ಚಿಟ್ಟದ್ದನ್ನು ಅವಳು ಶಾಲೆಗೆ ಒಯ್ಯುತ್ತಾಳೆ. ಒಯ್ಯಲಿ.

ಮಕ್ಕಳೇ, ನಿಮ್ಮ ಅಜ್ಜನೋ ದೊಡ್ಡಪ್ಪನೋ ಬೊಂಬಾಯಿಯಲ್ಲಿ ಇದ್ದರೆ, ಅಲ್ಲಿ ಮೊದಲು ಮಾಡಿದ ಕೆಲಸ ಯಾವುದೆಂದು ಕೇಳಿ. ಅಜ್ಜಂದಿರೇ, ಮಕ್ಕಳು ಕೇಳಿದರೆ ಕಿಟಕಿ ತೋರಿಸಬೇಡಿ. ಓಣಿಯನ್ನೇ ತೋರಿಸಿ.