ಕರುಳಿನೊಳಗಿನ ಪಂಕ್ತಿಭೋಜನ

ಗ್ಲೂಕೋಸ್ ಮತ್ತು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಇವೆರಡನ್ನೂ ಬೆರೆಸಿಟ್ಟರೆ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಎರಡನ್ನೂ ಒಟ್ಟಿಗೆ ತಿನ್ನುವುದಿಲ್ಲ. ಗ್ಲೂಕೋಸ್ ಮುಗಿಯುವ ತನಕ ಅದು ಲ್ಯಾಕ್ಟೋಸಿನತ್ತ ತಿರುಗಿಯೂ ನೋಡದು. ಅನಂತರ ಕೆಲಕಾಲ ಬೆಳವಣಿಗೆ ಸ್ತಬ್ಧವಾಗುತ್ತದೆ. ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಸಿದ್ಧವಾದ ಮೇಲೆಯೇ ಎರಡನೆಯ ಪಂಕ್ತಿ ಆರಂಭ. ಇಂತಹ ಎರಡು ಹಂತದ ಬೆಳವಣಿಗೆಯನ್ನು 1940ರ ದಶಕದ ಆರಂಭದಲ್ಲಿ, ಜರ್ಮನ್ ಸೇನೆಯ ವಶದಲ್ಲಿದ್ದ ಪ್ಯಾರಿಸ್ಸಿನಲ್ಲಿ, ಜಾಕ್ ಮೊನೊ ಅವರು ಗುರುತಿಸಿ ‘ಡಯಾಕ್ಸಿ’ ಎಂದು ಹೆಸರಿಟ್ಟರು. ಅದರ ಜಾಡು ಹಿಡಿದು ನಡೆದ ಸಂಶೋಧನೆ, 1965ರಲ್ಲಿ ಇನ್ನಿಬ್ಬರೊಡನೆ ಅವರಿಗೆ ನೊಬೆಲ್ ಪಾರಿತೋಷಕವನ್ನು ತಂದಿತು.

ಎಲ್ಲ ಸೂಕ್ಷ್ಮಾಣುಗಳೂ ಇಷ್ಟು ಮಡಿವಂತಿಕೆ ತೋರುವುದಿಲ್ಲ. ಕೆಲವು ಎರಡನ್ನೂ ಏಕಕಾಲಕ್ಕೆ ಉಣ್ಣುತ್ತವೆ. ಆದರೆ ಮನುಷ್ಯನ ದೊಡ್ಡ ಕರುಳಿನಲ್ಲಿ ಈ ಸರದಿಯು ಆರೋಗ್ಯದ ಪ್ರಶ್ನೆಯೇ ಆಗುತ್ತದೆ. ತಿಂದ ಸಕ್ಕರೆಯೂ ಮೈದಾದ ಪಿಷ್ಟವೂ ಬಹುಪಾಲು ಸಣ್ಣ ಕರುಳಿನಲ್ಲೇ ಜೀರ್ಣವಾಗಿ ರಕ್ತಕ್ಕೆ ಸೇರಿಹೋಗುತ್ತವೆ. ದೊಡ್ಡ ಕರುಳಿನ ನಿವಾಸಿಗಳ ಪಾಲಿಗೆ ಉಳಿಯುವುದು ಮುಖ್ಯವಾಗಿ ಧಾನ್ಯ, ಬೇಳೆ, ಸೊಪ್ಪು, ತರಕಾರಿಗಳ ನಾರು. ಅದೂ ಇಲ್ಲದಾಗ ಅವುಗಳಲ್ಲಿ ಕೆಲವು, ಕರುಳಿನ ಗೋಡೆಯನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗುತ್ತವೆ. ಬಡ್ಡಿ ಬಾರದಾದಾಗ ಅಸಲಿಗೇ ಕೈಹಾಕುವ ಸಂಸಾರದ ಪಾಡು ಇದು. 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮನುಷ್ಯನ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೊತ್ತ ಇಲಿಗಳಿಗೆ ನಾರಿಲ್ಲದ ಆಹಾರ ಕೊಟ್ಟಾಗ ಆ ಪದರ ತೆಳುವಾಯಿತು. ಕರುಳಿನ ಸೋಂಕು ಅವುಗಳನ್ನು ಹೆಚ್ಚು ಬಾಧಿಸಿತು. ಇಲಿಯ ಲೆಕ್ಕವನ್ನು ಮನುಷ್ಯನ ಖಾತೆಗೆ ಹಾಗೆಯೇ ವರ್ಗಾಯಿಸಲಾಗದು, ನಿಜ. ಆದರೂ ಎಚ್ಚರಿಕೆಗೆ ಅಷ್ಟು ಸಾಕು.

ಮಹಾನಗರದ ಕನ್ನಡಿಗರ ಅನೇಕ ಮನೆಗಳಲ್ಲಿ ಬೆಳಿಗ್ಗೆ ಬ್ರೆಡ್ಡು, ಸಂಜೆ ಬಿಸ್ಕತ್ತು ನೆಲೆಯೂರಿ, ರಾಗಿಮುದ್ದೆಯೂ ಜೋಳದ ರೊಟ್ಟಿಯೂ ರಾಜ್ಯೋತ್ಸವದ ಊಟಕ್ಕೆ ಸೀಮಿತವಾಗಿರುವುದು ಈ ದೃಷ್ಟಿಯಿಂದ ಶೋಚನೀಯ. ಮುದ್ದೆ, ರೊಟ್ಟಿಗಳ ಮಾತನ್ನು ಕೇವಲ ತವರಿನ ಹಂಬಲವೆಂದು ತಳ್ಳಿಹಾಕುವುದು ತಪ್ಪು ಲೆಕ್ಕಾಚಾರ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರನ್ನು ಸೂಚಿಸಿದೆ. ಅದನ್ನು ಔಷಧದ ಅಂಗಡಿಯ ಡಬ್ಬಿಯಲ್ಲಿ ಹುಡುಕಬೇಕಾಗಿಲ್ಲ. ಊರಿನ ಹಿಟ್ಟು ಇಲ್ಲಿ ಸಿಗದೆಂಬ ನೆಪವೂ ನಿಲ್ಲದು: ಜೋಳದ ರೊಟ್ಟಿಯೇ ಮುಂಬಯಿಯಲ್ಲಿ ಭಾಕರಿ, ಹೈದರಾಬಾದಿನಲ್ಲಿ ಜೊನ್ನರೊಟ್ಟೆ, ಚೆನ್ನೈನ ಕೇಳ್ವರಗು ನಮ್ಮ ರಾಗಿಯಲ್ಲದೆ ಬೇರೇನೂ ಅಲ್ಲ. ಬಹುಕಾಲ ಬಿಟ್ಟವರು ಮಾತ್ರ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವುದು ಲೇಸು. ಒಮ್ಮೆಗೇ ಹೊಟ್ಟೆತುಂಬ ತಿಂದರೆ ಉಬ್ಬರದ ಬಾಧೆ ಕಾಡೀತು.