ಕೊಳಗ ಯಾರ ಕೈಯಲ್ಲಿದೆ?

ಶಿಕಾರಿಪುರ, ಸೊರಬ ತಾಲ್ಲೂಕುಗಳ ಯಾವ ಹಳ್ಳಿಗಾದರೂ ಹೋಗಿ ನೋಡಿ. ಬಿ.ಎ., ಬಿ.ಕಾಂ., ಐ.ಟಿ.ಐ. ಮುಗಿಸಿದ ಹುಡುಗರು ಅರಳಿಕಟ್ಟೆಯ ಮೇಲೆ ಕುಳಿತು ಮೊಬೈಲು ನೋಡುತ್ತಿರುತ್ತಾರೆ. ದುಡಿಯದೆ ಹೊತ್ತು ಕಳೆಯುತ್ತಿದ್ದಾರೆಂದು ಹಿರಿಯರು ಬೈಯುತ್ತಾರೆ. ಈ ಬೈಗುಳ ನ್ಯಾಯವಾದುದಲ್ಲ. ಅವರಲ್ಲಿ ಅನೇಕರು ಹುಡುಕುತ್ತಿರುವುದು ಕೆಲಸವನ್ನೇ. ಹಿಂದೆ ಪತ್ರಿಕೆಯ ಜಾಹೀರಾತಿನಲ್ಲಿಯೂ ಕಚೇರಿಯ ನೋಟೀಸು ಬೋರ್ಡಿನಲ್ಲಿಯೂ ಇರುತ್ತಿದ್ದ ಕೆಲಸದ ಸುದ್ದಿ ಈಗ ವಾಟ್ಸಾಪ್, ಟೆಲಿಗ್ರಾಂ, ಫೇಸ್‌ಬುಕ್, ಲಿಂಕ್ಡ್‌ಇನ್‌ಗಳಲ್ಲಿ ಹರಿದಾಡುತ್ತದೆ. ಹುಡುಗ ಅಲ್ಲಿ ಹುಡುಕದೆ ಇನ್ನೆಲ್ಲಿ ಹುಡುಕಬೇಕು?

ಇದರಲ್ಲಿ ಒಳ್ಳೆಯದೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಮೊದಲು ಕೆಲಸದ ಸುದ್ದಿ ಪೇಟೆಯ ವಕೀಲರ ಮನೆಗೋ ಊರಿನ ಶ್ರೀಮಂತರ ಜಗಲಿಗೋ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಕೂಲಿಕಾರನ ಮಗನಿಗೆ ಗೊತ್ತಾಗುವ ಹೊತ್ತಿಗೆ ಅರ್ಜಿಯ ಕೊನೆಯ ದಿನ ದಾಟಿರುತ್ತಿತ್ತು. ಇಂದು ಬೆಂಗಳೂರಿನ ಸುದ್ದಿ ಆನವಟ್ಟಿಗೂ ಶಿರಾಳಕೊಪ್ಪಕ್ಕೂ ಅದೇ ಕ್ಷಣದಲ್ಲಿ ತಲುಪಬಲ್ಲದು. ತಲುಪಬಲ್ಲದು ನಿಜ. ಆದರೆ ಯಾರಿಗೆ ತಲುಪಬೇಕು, ಯಾರಿಗೆ ತಲುಪಕೂಡದು ಎಂದು ತೀರ್ಮಾನಿಸುವವರು ಯಾರು? ಪ್ರಶ್ನೆ ಇರುವುದು ಇಲ್ಲಿ.

ಸೊರಬದ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಏತಕ್ಕೆ? ಗೇಣಿ ಭತ್ತ ಅಳೆಯುವ ಕೊಳಗ ಒಡೆಯನ ಕೈಯಲ್ಲಿತ್ತು; ಅದು ನ್ಯಾಯವಾದ ಅಳತೆಗಿಂತ ದೊಡ್ಡದಾಗಿತ್ತು. ಅದನ್ನು ಪ್ರಶ್ನಿಸಿದವರು ಹೊಲದಿಂದ ಹೊರಬಿದ್ದರು, ಜೈಲು ಕಂಡರು. ರಾಮಮನೋಹರ ಲೋಹಿಯಾ ಅವರೂ ಇಲ್ಲಿಗೆ ಬಂದು ಬಂಧಿತರಾದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಉಳುವವನಿಗೆ ನೆಲ ಕೊಟ್ಟಿತು. ಆದರೆ ಆ ಉಳುವವನ ಮೊಮ್ಮಗ ಇಂದು ಕೆಲಸ ಕೇಳುತ್ತ ನಿಂತಾಗ, ಅವನನ್ನು ಅಳೆಯುವ ಕೊಳಗ ಮತ್ತೆ ಒಡೆಯರ ಕೈಗೇ ಹೋಗಿದೆ. ಈ ಸಲ ಕೊಳಗ ಕಣ್ಣಿಗೂ ಕಾಣುವುದಿಲ್ಲ.

ಇದು ಬರಿಯ ಊಹೆಯಲ್ಲ. ಕೆಲವು ದೊಡ್ಡ ಕಂಪನಿಗಳು ತಮ್ಮ ಕೆಲಸದ ಜಾಹೀರಾತು ಇಂತಿಷ್ಟು ವಯಸ್ಸಿನವರಿಗೆ ಮಾತ್ರ ಕಾಣುವಂತೆ ಫೇಸ್‌ಬುಕ್‌ನಲ್ಲಿ ಏರ್ಪಾಡು ಮಾಡಿಕೊಂಡಿದ್ದುದನ್ನು 2017ರ ಡಿಸೆಂಬರಿನಲ್ಲಿ ಅಮೆರಿಕದ ಪ್ರೊಪಬ್ಲಿಕಾ ಮತ್ತು ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆದವು. ಅಲ್ಲಿನ ನಾಗರಿಕ ಹಕ್ಕುಗಳ ಸಂಘಗಳು ನ್ಯಾಯಾಲಯಕ್ಕೆ ಹೋದವು. ಕೆಲಸದ ಜಾಹೀರಾತನ್ನು ವಯಸ್ಸು, ಲಿಂಗ, ವಾಸದ ಬಡಾವಣೆ ನೋಡಿ ಹಂಚುವುದನ್ನು ಆ ದೇಶದಲ್ಲಿ ಬಿಡುವುದಾಗಿ 2019ರ ಮಾರ್ಚಿನಲ್ಲಿ ಫೇಸ್‌ಬುಕ್ ಒಪ್ಪಬೇಕಾಯಿತು. ಅಲ್ಲಿ ಕೇಳುವವರಿದ್ದರು. ಜಡೆ, ಉಳವಿ, ಚಂದ್ರಗುತ್ತಿಯ ಹುಡುಗಿಗೆ ಜಾಹೀರಾತು ಕಾಣದೆ ಹೋದರೆ ಕೇಳುವವರಾರು? ತನ್ನಿಂದ ಏನನ್ನು ಮರೆಮಾಡಿದರೆಂಬುದೇ ಆಕೆಗೆ ತಿಳಿಯದು. ಮನೆಗೊಂದೇ ಫೋನಿದ್ದು ಅದು ಅಣ್ಣನ ಜೇಬಿನಲ್ಲಿದ್ದರಂತೂ ಮುಗಿದೇ ಹೋಯಿತು.

ಇನ್ನು ಲಿಂಕ್ಡ್‌ಇನ್ ಎಂಬ ಸಂತೆ. ಅಲ್ಲಿ ಭಾವಚಿತ್ರ, ಮನೆತನದ ಹೆಸರು, ಓದಿದ ಕಾಲೇಜು, ಪರಿಚಿತರ ಪಟ್ಟಿ ಎಲ್ಲವನ್ನೂ ಮೊದಲೇ ಹರಡಿಟ್ಟು ನಿಲ್ಲಬೇಕು. ಪರಿಚಯವಿದ್ದವರು ಶಿಫಾರಸು ಮಾಡಿದರೆ ಬಾಗಿಲು ತೆರೆಯುತ್ತದೆ. ಇದನ್ನು ನಮ್ಮ ಹಿರಿಯರು ವಶೀಲಿ ಎನ್ನುತ್ತಿದ್ದರು; ಈಗ ಇದಕ್ಕೆ ರೆಫರಲ್ ಎಂಬ ಗೌರವದ ಹೆಸರು ಬಂದಿದೆ. ಹೆಸರು ನೋಡಿ ಜಾತಿ ತಿಳಿಯುವ, ಬರೆದ ನಾಲ್ಕು ಸಾಲು ನೋಡಿ 'ಇವನು ಸಂಘ ಕಟ್ಟುವವನು' ಎಂದು ಅಳೆಯುವ ಅವಕಾಶ ಮಾಲೀಕನಿಗೆ ಮನೆಬಾಗಿಲಿಗೇ ಬಂದಿದೆ.

ಬಾಗಿಲು ಹೀಗೆ ಮುಚ್ಚಿರುವಾಗ ಹಿತ್ತಲಿನಿಂದ ಕಳ್ಳ ಬರುತ್ತಾನೆ. ವಿಡಿಯೋಗೆ ಲೈಕ್ ಒತ್ತಿದರೆ ಸಂಬಳ, ನೋಂದಣಿಗೆ ಇಷ್ಟು, ಯೂನಿಫಾರಮ್ಮಿಗೆ ಇಷ್ಟು ಎಂದು ಕೆಲಸವಿಲ್ಲದವನ ಕೈಯಿಂದಲೇ ಹಣ ಕೀಳುತ್ತಾನೆ. ಇಂಥ ಮನೆಗೆಲಸದ ವಂಚನೆಗಾಗಿಯೇ ನಡೆಯುತ್ತಿದ್ದ ನೂರಕ್ಕೂ ಹೆಚ್ಚು ವೆಬ್‌ಸೈಟುಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಮುಚ್ಚಿಸಿತು. ಹಣ ಹೋದರೆ ಮತ್ತೆ ದುಡಿಯಬಹುದು, ಮನುಷ್ಯನೇ ಹೋದರೆ? ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂಬ ಜಾಹೀರಾತು ನಂಬಿ ಹೊರಟವರನ್ನು ಮ್ಯಾನ್ಮಾರಿನ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕುತ್ತಿದ್ದಾರೆಂದು ವಿದೇಶಾಂಗ ಇಲಾಖೆ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು. 2025ರ ಮಾರ್ಚ್ 10ರಂದು ಒಂದೇ ದಿನ 283 ಮಂದಿಯನ್ನು ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು. ನಮ್ಮದೇ ಕಲಬುರಗಿಯ ಯುವಕರು ಯುಟ್ಯೂಬ್ ವಿಡಿಯೋ ನಂಬಿ ಕೆಲಸಕ್ಕೆಂದು ರಷ್ಯಾಕ್ಕೆ ಹೋಗಿ ಯುದ್ಧಭೂಮಿಗೆ ಬಿದ್ದರು. ಊರು ಕಂಡದ್ದು 2024ರ ಸೆಪ್ಟೆಂಬರಿನಲ್ಲಿ.

ಆ ಹುಡುಗರನ್ನು ದಡ್ಡರೆನ್ನುವುದು ಸುಲಭ. ಊರಿನಲ್ಲಿ ಕೆಲಸವಿದ್ದಿದ್ದರೆ ಅವರೇಕೆ ಹೋಗುತ್ತಿದ್ದರು? ಈ ಎರಡು ತಾಲ್ಲೂಕುಗಳು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ: ಸೊರಬದಿಂದ ಬಂಗಾರಪ್ಪ, ಶಿಕಾರಿಪುರದಿಂದ ಯಡಿಯೂರಪ್ಪ. ಆದರೂ ರಾತ್ರಿ ಬೆಂಗಳೂರಿಗೆ ಹೊರಡುವ ಬಸ್ಸಿನಲ್ಲಿ ನಮ್ಮ ಮಕ್ಕಳೇ ತುಂಬಿರುತ್ತಾರೆ. ಇದೇ ಜಿಲ್ಲೆಯ ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ನಿಂತುಹೋಯಿತು; ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಫೋನು ಕೆಲಸವನ್ನು ಹುಟ್ಟಿಸುವುದಿಲ್ಲ; ಇಲ್ಲದ ಕೆಲಸದ ಆಸೆಯನ್ನು ಮಾತ್ರ ಹಂಚಬಲ್ಲದು.

ಸರ್ಕಾರವೇನು ಮಾಡಿತು? ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸತಕ್ಕದ್ದೆಂದು 1959ರಲ್ಲಿ ಸಂಸತ್ತು ಕಾಯಿದೆ ಮಾಡಿತು. 25 ಅಥವಾ ಹೆಚ್ಚು ಮಂದಿ ದುಡಿಯುವ ಖಾಸಗಿ ಸಂಸ್ಥೆಗಳೂ ಅದರೊಳಗೆ ಬಂದವು. ತಿಳಿಸದಿದ್ದರೆ ದಂಡವೆಷ್ಟು ಗೊತ್ತೇ? ಮೊದಲ ತಪ್ಪಿಗೆ 500 ರೂಪಾಯಿ, ಆಮೇಲಿನದಕ್ಕೆ 1000! ಅಲ್ಲದೆ ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡೂ ಇರಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ ಈ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡು ಕೇಂದ್ರದ ಹೆಸರು ಬದಲಿಸಿತು. ಆ ಕಟ್ಟುಪಾಡನ್ನು ಮಾತ್ರ ತರಲಿಲ್ಲ. ಸರ್ಕಾರ ಬಿಟ್ಟುಕೊಟ್ಟ ಜಾಗದಲ್ಲಿ ಕಂಪನಿ ಅಂಗಡಿ ತೆರೆದಿದೆ, ದಲ್ಲಾಳಿ ಗಲ್ಲಾಪೆಟ್ಟಿಗೆ ಇಟ್ಟಿದ್ದಾನೆ.

ಫೋನನ್ನು ಕೆರೆಗೆ ಎಸೆಯಿರೆಂದು ನಾವು ಹೇಳುವುದಿಲ್ಲ. ಕೆಲಸದ ಸುದ್ದಿ ಊರ ಬಾವಿಯಂತೆ ಎಲ್ಲರದೂ ಆಗಬೇಕೆಂದು ಹೇಳುತ್ತೇವೆ. ಸರ್ಕಾರಿ, ಖಾಸಗಿ, ಹೊರಗುತ್ತಿಗೆ ಯಾವುದೇ ಇರಲಿ, ಪ್ರತಿಯೊಂದು ಖಾಲಿ ಹುದ್ದೆಯೂ ಮಾಲೀಕನ ಹೆಸರು, ವಿಳಾಸ, ಸಂಬಳದೊಡನೆ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಬೋರ್ಡಿನ ಮೇಲೆ ಬರಬೇಕು. ಅರ್ಜಿದಾರನನ್ನು ಏಕೆ ಬಿಟ್ಟರೆಂದು ಲಿಖಿತವಾಗಿ ಹೇಳಬೇಕು. ಕೆಲಸ ಕೊಡಿಸುವುದಾಗಿ ಬಡವನಿಂದ ಹಣ ಪಡೆಯುವುದು ಅಪರಾಧವಾಗಬೇಕು. ಶಿಕಾರಿಪುರದಲ್ಲೂ ಸೊರಬದಲ್ಲೂ, ಬಂದ ಜಾಹೀರಾತು ನಿಜವೋ ಸುಳ್ಳೋ ನೋಡಿ ಹೇಳುವ ಸರ್ಕಾರಿ ನೌಕರನೊಬ್ಬ ಕೂರಬೇಕು.

ಅಲ್ಲಿಯವರೆಗೆ, ಯುವಕರೇ, ಒಬ್ಬೊಬ್ಬರೇ ಪರದೆಯ ಮುಂದೆ ಕೂರಬೇಡಿ. ಬಂದ ಸುದ್ದಿಯನ್ನು ಊರಿನ ಹತ್ತು ಜನ ಸೇರಿ ಓದಿ. ಹಣ ಕೇಳಿದವನನ್ನು ನಂಬಬೇಡಿ. ಪರದೇಶದ ಕೆಲಸವಾದರೆ ಏಜೆಂಟನ ಸರ್ಕಾರಿ ನೋಂದಣಿ ಕೇಳಿ. ಮೋಸವಾದರೆ ನಾಚಿ ಮುಚ್ಚಿಡದೆ ಅಂದೇ 1930ಕ್ಕೆ ದೂರು ಕೊಡಿ. ಕಾಗೋಡಿನ ರೈತ ಒಬ್ಬನೇ ನಿಂತಿದ್ದರೆ ಆ ಕೊಳಗ ಅಲ್ಲಾಡುತ್ತಿರಲಿಲ್ಲ.