ಬೂದಿಯೊಳಗಿನ ಕೆಂಡಕ್ಕೆ ಹೊಣೆ ಯಾರು?

ರೈತನ ಬಣವಿಗೆ ಬೆಂಕಿ ಬಿದ್ದರೆ ‘ಹಣೆಬರಹ’ ಎನ್ನುತ್ತೇವೆ. ಗಿರಣಿಯ ಅರಳೆಗೆ ಬಿದ್ದರೆ ‘ಕೂಲಿಯವನ ಬೀಡಿ’ ಎನ್ನುತ್ತಾರೆ. ಈ ಎರಡು ಮಾತುಗಳಿಂದ ವಿಚಾರವೇ ಮುಗಿದುಹೋಗುತ್ತದೆ. ಆದರೆ ಬೆಂಕಿ ಹಣೆಬರಹ ನೋಡಿ ಬರುವುದಿಲ್ಲ. ಅದಕ್ಕೆ ಬೇಕಾದವು ಮೂರೇ: ಉರಿಯುವ ವಸ್ತು, ಗಾಳಿ, ಸಾಕಷ್ಟು ಕಾವು. ಒಂದನ್ನು ತಪ್ಪಿಸಿದರೆ ಬೆಂಕಿ ಸತ್ತಿತು.

ನಮ್ಮ ತಾಯಂದಿರು ಪುಸ್ತಕ ಓದದೆಯೇ ಇದನ್ನು ಬಲ್ಲರು. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚುತ್ತಾರೆ. ಬೂದಿ ಗಾಳಿಯನ್ನು ತಡೆದು ಕಾವನ್ನು ಕಾಯುತ್ತದೆ. ಕೆಂಡ ಸಾವಕಾಶವಾಗಿ ಉರಿಯುತ್ತದೆ. ಬೆಳಗ್ಗೆ ಬೂದಿ ಸರಿಸಿ, ಒಣ ಕುಳ್ಳಿನ ಚೂರಿಟ್ಟು, ಊದುಗೊಳವೆಯಿಂದ ಊದಿದರೆ ಒಲೆ ಹೊತ್ತಿತು. ಕಡ್ಡಿ ಗೀರುವ ಖರ್ಚೂ ಇಲ್ಲ.

ಒಲೆಯಲ್ಲಿ ಉಪಕಾರಿಯಾದ ಕೆಂಡವೇ ತಿಪ್ಪೆಯಲ್ಲಿ ವೈರಿ. ಹಿರೇಹಂದಿಗೋಳದಂಥ ಊರುಗಳಲ್ಲಿ ಮುಂಜಾನೆ ಚೆಲ್ಲಿದ ಬೂದಿ ತಣ್ಣಗೆ ಕಾಣುತ್ತದೆ. ಬೇಸಿಗೆಯ ಮಧ್ಯಾಹ್ನ ಗಾಳಿ ಎದ್ದರೆ ಊದುಗೊಳವೆಯ ಕೆಲಸವನ್ನು ಅದೇ ಮಾಡುತ್ತದೆ. ಬಣವಿಗೆ ಒಂದು ಕಿಡಿ ಸಾಕು. ವರ್ಷದ ಮೇವು ಹೋಯಿತು. ಕಪ್ಪತಗುಡ್ಡದ ಒಣಹುಲ್ಲು ಬೇಸಿಗೆಯಲ್ಲಿ ಮತ್ತೆ ಮತ್ತೆ ಹೊತ್ತುವುದನ್ನು ನಾವೆಲ್ಲ ಕಂಡವರೇ.

ಹತ್ತಿಯ ಮಾತು ಇನ್ನೂ ಕಠಿಣ. ಅರಳೆ ಸುಮಾರು 400 ಡಿಗ್ರಿ ಸೆಲ್ಸಿಯಸ್ ಕಾವಿಗೆ ಹೊತ್ತುತ್ತದೆ. ಒಲೆಯ ಕೆಂಡ, ಉರಿಯುವ ಬೀಡಿಯ ತುದಿ ಅದಕ್ಕಿಂತ ಹೆಚ್ಚು ಕಾದಿರುತ್ತವೆ. ಎಳೆಗಳ ನಡುವೆ ಗಾಳಿ ಇರುವುದರಿಂದ ಬಿಗಿದ ಬೇಲಿನೊಳಗೆ ಕಿಡಿ ದಿನಗಟ್ಟಲೆ ಜೀವ ಹಿಡಿದಿರಬಲ್ಲದು. ಮೇಲೆ ನೀರು ಸುರಿದು ‘ಆರಿತು’ ಎಂದು ಗೋದಾಮಿಗೆ ಬೀಗ ಹಾಕುವುದು ಅಪಾಯ. ಬೀಡಿಯೊಂದೇ ಕಾರಣವೆನ್ನುವುದೂ ಸರಿಯಲ್ಲ. ಹತ್ತಿಯೊಳಗಿನ ಕಬ್ಬಿಣದ ಚೂರು ಯಂತ್ರಕ್ಕೆ ಬಡಿದರೂ ಕಿಡಿ ಹಾರುತ್ತದೆ. ಎಣ್ಣೆ ಕಾಣದ ಬೇರಿಂಗ್ ಕಾದರೂ ಅರಳೆ ಹೊತ್ತುತ್ತದೆ. ವಿಚಾರಣೆಗೆ ಮೊದಲೇ ಕೂಲಿಯವನನ್ನು ಕಳ್ಳನಂತೆ ನಿಲ್ಲಿಸುವುದು ಯಾವ ನ್ಯಾಯ?

ಬೆಂಕಿ ತಡೆಯುವ ಕ್ರಮ, ಆರಿಸುವ ಸಾಧನ, ಪಾರಾಗುವ ದಾರಿ ಪ್ರತಿ ಕಾರ್ಖಾನೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 38ನೇ ಕಲಮು ವಿಧಿಸಿತ್ತು. ಕಾಯಿದೆಯ ಹೆಸರು ಬದಲಾಗಬಹುದು, ಕೆಂಡದ ಗುಣ ಬದಲಾಗದು.

ಆದ್ದರಿಂದ ಮನೆಯವರು ಬೂದಿಗೆ ನೀರು ಹಾಕಿ, ಕೆದಕಿ ನೋಡಿ, ಆಮೇಲೆ ಚೆಲ್ಲಲಿ. ಅಂಗಡಿಕಾರರು ಊದುಬತ್ತಿ, ದೀಪ ಆರಿಸದೆ ಬಾಗಿಲು ಹಾಕದಿರಲಿ. ಗಿರಣಿಯಲ್ಲಿ ದಿನವೂ ಅರಳೆಯ ಧೂಳು ಗುಡಿಸಲಿ, ನೀರು ಮರಳು ಕೈಗೆಟುಕುವಂತಿರಲಿ. ಬೀಡಿಯನ್ನು ಹೊರಗೆ ಸೇದುವುದು ಕಾರ್ಮಿಕರಾದ ನಮ್ಮ ಹೊಣೆ. ರಾತ್ರಿ ಪಾಳಿಯಲ್ಲಿ ಹೊರಗೆ ಹೋಗುವ ಬಾಗಿಲಿಗೆ ಬೀಗ ಹಾಕದಿರುವುದು ಮಾಲೀಕರ ಹೊಣೆ.